ಯಾರ ತಿದ್ದುಪಡಿ ಒಪ್ಪಬೇಕು? ಫ್ಲ್ಯಾನರಿ ಓಕಾನರ್ ಮೊದಲ ಕಾದಂಬರಿಯ ಪ್ರಕರಣ

1949ರ ಫೆಬ್ರವರಿಯಲ್ಲಿ 23 ವರ್ಷದ ಹುಡುಗಿಯೊಬ್ಬಳು ನ್ಯೂಯಾರ್ಕಿನ ಪ್ರಕಾಶನ ಸಂಸ್ಥೆಯೊಂದರ ಸಂಪಾದಕರಿಗೆ ಪತ್ರ ಬರೆದಳು. ಆಕೆಯ ಹೆಸರಲ್ಲಿ ಆಗ ಒಂದು ಪುಸ್ತಕವೂ ಇರಲಿಲ್ಲ. ವರಮಾನ ಅಂತ ಹೇಳಿಕೊಳ್ಳುವಂಥದ್ದೂ ಇರಲಿಲ್ಲ. ಆದರೂ ಪತ್ರದ ಸಾರ ಹೀಗಿತ್ತು: ನಾನು ಮಾಮೂಲಿ ಕಾದಂಬರಿ ಬರೆಯುತ್ತಿಲ್ಲ. ನಾನು ಮಾಡಹೊರಟ ಕೆಲಸದ ಒಳಗೆ ನಿಂತು ತಪ್ಪು ತೋರಿಸಿದರೆ ಕೇಳುತ್ತೇನೆ. ಬೇರೆ ಏನೋ ಮಾಡು ಅಂದರೆ ಮಾಡುವುದಿಲ್ಲ.

1951ರ ನವೆಂಬರ್‌ನಲ್ಲಿ ಅದೇ ಕಾದಂಬರಿಯ ಬಗ್ಗೆ ಆಕೆಗೆ ಇನ್ನೊಬ್ಬರಿಂದ ಪತ್ರ ಬಂತು. ಒತ್ತೊತ್ತಾಗಿ ಟೈಪ್ ಮಾಡಿದ ಒಂಬತ್ತು ಪುಟ. ಮೆಚ್ಚುಗೆ ಇತ್ತು, ಅದರ ಜೊತೆಗೆ ತಪ್ಪುಗಳ ದೊಡ್ಡ ಪಟ್ಟಿಯೇ ಇತ್ತು. ಈ ಸಲ ಆಕೆ ವಾದ ಮಾಡಲಿಲ್ಲ. ಪ್ರಕಾಶಕರು ಒಪ್ಪಿಕೊಂಡಾಗಿದ್ದ ಹಸ್ತಪ್ರತಿಯನ್ನೇ ಮತ್ತೆ ಬಿಚ್ಚಿಟ್ಟುಕೊಂಡು ತಿದ್ದಲು ಕೂತಳು.

ಹುಡುಗಿ ಫ್ಲ್ಯಾನರಿ ಓಕಾನರ್. ಕಾದಂಬರಿ ‘ವೈಸ್ ಬ್ಲಡ್’. ಅಮೆರಿಕದ ಕ್ರೈಸ್ತ ಬರಹಗಾರರ ಮಾತು ಬಂದಾಗಲೆಲ್ಲ ಈಗಲೂ ಈ ಹೆಸರು ಬರುತ್ತದೆ. ಆದರೆ ಹೆಸರು ಮಾಡಿದ ಮೇಲಿನ ಓಕಾನರ್ ಇಲ್ಲಿ ನಮಗೆ ಬೇಡ. ಹೆಸರಿಲ್ಲದ ಆ ಐದಾರು ವರ್ಷ ಮಾತ್ರ ಸಾಕು. ಒಬ್ಬರಿಗೆ ಖಡಾಖಂಡಿತವಾಗಿ ‘ಇಲ್ಲ’ ಅಂದವಳು ಇನ್ನೊಬ್ಬರಿಗೆ ಅಷ್ಟು ಸಲೀಸಾಗಿ ‘ಆಯ್ತು’ ಅಂದದ್ದು ಯಾಕೆ? ಸುಮ್ನೆ ಹಟ ಅನ್ನಲು ಆಗುವುದಿಲ್ಲ. ವಿನಯ ಅನ್ನಲೂ ಆಗುವುದಿಲ್ಲ.

ಜಾರ್ಜಿಯಾದಿಂದ ಅಯೋವಾಕ್ಕೆ

ಆಕೆ ಹುಟ್ಟಿದ್ದು 1925ರ ಮಾರ್ಚ್ 25ರಂದು, ಅಮೆರಿಕದ ದಕ್ಷಿಣದ ಜಾರ್ಜಿಯಾ ರಾಜ್ಯದ ಸವಾನಾ ಊರಿನಲ್ಲಿ. ಮನೆಯವರು ಕಥೋಲಿಕರು. ಸುತ್ತಮುತ್ತ ಇದ್ದವರು ಹೆಚ್ಚಾಗಿ ಬ್ಯಾಪ್ಟಿಸ್ಟರು ಮತ್ತಿತರ ಪ್ರಾಟೆಸ್ಟೆಂಟರು. ಆಕೆಗೆ ಹದಿನೈದು ವರ್ಷ ಇದ್ದಾಗ ತಂದೆ ತೀರಿಕೊಂಡರು. ಕಾರಣ ಲೂಪಸ್ ಅನ್ನುವ ಕಾಯಿಲೆ, ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವಂಥದ್ದು. ಮಿಲೆಜ್‌ವಿಲ್ ಊರಿನ ಮಹಿಳಾ ಕಾಲೇಜಿನಲ್ಲಿ ಆಕೆ ಓದಿದ್ದು ಸಮಾಜಶಾಸ್ತ್ರ. ಕಾಲೇಜು ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದಳು. ‘ನ್ಯೂಯಾರ್ಕರ್’ ಪತ್ರಿಕೆಗೂ ಕಳಿಸಿದಳು, ವಾಪಸ್ ಬಂದವು.

1945ರಲ್ಲಿ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಪತ್ರಿಕೋದ್ಯಮ ಓದಲು. ಹೋದ ಸ್ವಲ್ಪ ದಿನಕ್ಕೆ ಅಲ್ಲಿನ ಬರಹಗಾರರ ಕಮ್ಮಟ ನಡೆಸುತ್ತಿದ್ದ ಪಾಲ್ ಎಂಗಲ್ ಅವರ ಕೋಣೆಗೆ ಹೋಗಿ ಏನೋ ಹೇಳಿದಳು. ಆಕೆಯ ಜಾರ್ಜಿಯಾ ಉಚ್ಚಾರ ಅವರಿಗೆ ಒಂದಿಷ್ಟೂ ಅರ್ಥವಾಗಲಿಲ್ಲ. ಬರೆದು ತೋರಿಸಮ್ಮಾ ಅಂತ ಕಾಗದ ಕೊಟ್ಟರು. ನನ್ನ ಹೆಸರು ಫ್ಲ್ಯಾನರಿ ಓಕಾನರ್, ನಾನು ಪತ್ರಕರ್ತೆ ಅಲ್ಲ, ಬರಹಗಾರರ ಕಮ್ಮಟಕ್ಕೆ ಸೇರಬಹುದೇ ಅಂತ ಬರೆದುಕೊಟ್ಟಳು.

ಸೇರಿದ ಮೇಲೆ ಮಾಡಿದ ಮೊದಲ ಕೆಲಸ ಓದು. ಅಯೋವಾಕ್ಕೆ ಬರುವ ತನಕ ತಾನು ಫಾಕ್ನರ್, ಕಾಫ್ಕಾ, ಜಾಯ್ಸ್ ಅವರ ಹೆಸರನ್ನೂ ಕೇಳಿರಲಿಲ್ಲ ಅಂತ ಆಕೆಯೇ ಮುಂದೆ ಒಂದು ಪತ್ರದಲ್ಲಿ ಬರೆದಿದ್ದಾಳೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಓದತೊಡಗಿದಳು. ಮೋರಿಯಾಕ್, ಬೆರ್ನಾನೋಸ್, ಗ್ರಹಾಂ ಗ್ರೀನ್ ಥರದ ಕಥೋಲಿಕ ಕಾದಂಬರಿಕಾರರನ್ನು ಓದಿದ್ದು ಆಗಲೇ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಧಾರ್ಮಿಕ ಬರಹ ಬರೆಯುವವರು ಧಾರ್ಮಿಕ ಬರಹವನ್ನಷ್ಟೇ ಓದುತ್ತಾರೆ. ಆಕೆ ತನ್ನ ನಂಬಿಕೆಯವರನ್ನು ಓದಿದಳು, ನಂಬಿಕೆಯೇ ಇಲ್ಲದವರನ್ನು ಅದಕ್ಕಿಂತ ಜಾಸ್ತಿ ಓದಿದಳು.

ಕಮ್ಮಟದಲ್ಲಿ ಕೆಲವು ದಿನ ಪಾಠ ಮಾಡಿದ ಕಾದಂಬರಿಕಾರ ಪಾಲ್ ಹಾರ್ಗನ್ ಆಕೆಯ ಒಂದು ಕಥೆಯಲ್ಲಿ ಸುಮಾರು ನಲವತ್ತು ತಪ್ಪು ಗುರುತು ಮಾಡಿ ಕೊಟ್ಟರಂತೆ. ಒಳ್ಳೇ ಮೇಷ್ಟ್ರು ಅಂತ ಅನ್ನಿಸಿತು ಅಂತ ಆಕೆ ನೆನೆಸಿಕೊಳ್ಳುತ್ತಾಳೆ! ದಿನಾ ಇಂತಿಷ್ಟು ಗಂಟೆ ಬರವಣಿಗೆಗೆ ಅಂತ ಎತ್ತಿಡಬೇಕು ಅನ್ನುವ ಪಾಠವೂ ಅವರಿಂದಲೇ ಸಿಕ್ಕಿತು. ಆ ಅಭ್ಯಾಸ ಕೊನೆಯವರೆಗೆ ಉಳಿಯಿತು. ಕಾಯಿಲೆ ಬಂದ ಮೇಲೆ ಅದು ದಿನಕ್ಕೆ ಎರಡೇ ಗಂಟೆಗೆ ಇಳಿಯಿತು. ಆದರೆ ಆ ಎರಡು ಗಂಟೆಗೆ ಯಾವುದೂ ಅಡ್ಡ ಬರಬಾರದು, ಅದೇ ಹೊತ್ತು, ಅದೇ ಜಾಗ ಅನ್ನುವ ನಿಯಮ ಮಾತ್ರ ಸಡಿಲವಾಗಲಿಲ್ಲ.

ಪ್ರಾರ್ಥನೆಯ ನೋಟ್‌ಬುಕ್

ಅಯೋವಾದಲ್ಲಿ ಆಕೆ ತಪ್ಪದೆ ಪೂಜೆಗೆ ಹೋಗುತ್ತಿದ್ದಳು. 1946ರ ಜನವರಿಯಿಂದ 1947ರ ಸೆಪ್ಟೆಂಬರ್‌ವರೆಗೆ ಒಂದು ಸಾದಾ ನೋಟ್‌ಬುಕ್ಕಿನಲ್ಲಿ ದೇವರಿಗೆ ಪತ್ರ ಬರೆದ ಹಾಗೆ ಪ್ರಾರ್ಥನೆ ಬರೆದಳು. ಅದು ಅಚ್ಚಾದದ್ದು 2013ರಲ್ಲಿ, ಆಕೆ ಹೋಗಿ ಅರ್ಧ ಶತಮಾನ ಆಗುತ್ತಾ ಬಂದಿದ್ದಾಗ.

ಅದರಲ್ಲಿ ನನಗೆ ಇಷ್ಟವಾಗುವುದು ಆಸೆಯನ್ನು ಮುಚ್ಚಿಡದ ಗುಣ. ನಾನು ಮಾಡಬೇಕೆಂದಿರುವ ಕೆಲಸದಲ್ಲಿ ಗೆಲ್ಲಬೇಕು ಅಂತ ಬಹಳ ಆಸೆ ಇದೆ ಅಂತ ದೇವರಿಗೇ ನೇರವಾಗಿ ಹೇಳುತ್ತಾಳೆ. ನನ್ನ ಬರಹದೊಳಗೆ ಕ್ರೈಸ್ತ ತತ್ವ ಹರಿಯಲಿ, ಹಾಗೆ ಹರಿಯುವುದಕ್ಕೆ ಸಾಕಾಗುವಷ್ಟು ಬರಹ ಅಚ್ಚಾಗಲಿ ಅಂತಲೂ ಬೇಡಿಕೊಳ್ಳುತ್ತಾಳೆ. ಎರಡನೇ ಅರ್ಧದಲ್ಲಿ ತುಂಟತನ ಇದೆ, ಅಲ್ವಾ? ಅಚ್ಚೇ ಆಗದಿದ್ದರೆ ತತ್ವ ಹರಿಯುವುದೆಲ್ಲಿ! ಒಂದು ಕಥೆ ಚೆನ್ನಾಗಿ ಬಂದಾಗ, ಇದು ನಿನ್ನ ಕಥೆ, ಟೈಪ್‌ರೈಟರ್ ನನಗೆ ಹೇಗೋ ಹಾಗೆ ನಾನು ನಿನಗೆ ಬರೀ ಉಪಕರಣ, ಅದನ್ನು ಮರೆಯದ ಹಾಗೆ ನೋಡಿಕೋ ಅನ್ನುತ್ತಾಳೆ.

ಗಮನಿಸಬೇಕಾದ್ದು ಇನ್ನೊಂದಿದೆ. ದೇವರ ಉಪಕರಣ ಅಂತ ಬರೆದುಕೊಂಡವಳು ಅದೇ ಹೊತ್ತಿಗೆ ಕಥೆಯನ್ನು ಕಮ್ಮಟಕ್ಕೂ ಒಯ್ಯುತ್ತಿದ್ದಳು, ನಲವತ್ತು ತಪ್ಪು ಗುರುತು ಮಾಡಿಸಿಕೊಳ್ಳುತ್ತಿದ್ದಳು. ದೇವರು ಬರೆಸಿದ್ದು, ಇದರಲ್ಲಿ ಏನು ತಿದ್ದುವುದು ಅನ್ನುವ ಮಾತು ಆಕೆಯ ಬಾಯಲ್ಲಿ ಬರಲಿಲ್ಲ. ಆ ಮಾತನ್ನು ನಾನು ನಮ್ಮ ಕಡೆ ಎಷ್ಟೋ ಸಲ ಕೇಳಿದ್ದೇನೆ.

ಕಾದಂಬರಿ ಶುರು ಮಾಡಿದಾಗ ಆಕೆಗೆ ಒಂದು ಭಯ ಹಿಡಿಯಿತು. ನಾನು ಬರೆಯುವ ಒರಟು, ಕೊಳಕು ಸಂಗತಿಗಳಿಂದ ಓದುವವರ ಮನಸ್ಸು ಕೆಟ್ಟರೆ? ಪಾಪ ನನ್ನ ತಲೆಗೆ ಬರುತ್ತದಲ್ಲ? ಒಬ್ಬ ಗುರುಗಳ ಹತ್ತಿರ ಹೋಗಿ ಕೇಳಿದಳು. ಅವರು ಕೈಗೆ ಒಂದು ಹತ್ತು ಸೆಂಟಿನ ಕಿರುಹೊತ್ತಿಗೆ ಕೊಟ್ಟು, ನೀನು ಹದಿನೈದು ವರ್ಷದ ಹುಡುಗಿಯರಿಗೆ ಅಂತಲೇ ಬರೆಯಬೇಕಿಲ್ಲ ಅಂದರು. ಅಷ್ಟೇ. ಒಬ್ಬ ಯುವ ಬರಹಗಾರ್ತಿಗೆ ಧರ್ಮಗುರು ಮಾಡಬಹುದಾದ ದೊಡ್ಡ ಉಪಕಾರ ಇದು ಅಂತ ನನಗನ್ನಿಸುತ್ತದೆ.

ರೈನ್‌ಹಾರ್ಟ್ ಜೊತೆಗಿನ ಜಗಳ

1947ರಲ್ಲಿ ಆಕೆಗೆ ರೈನ್‌ಹಾರ್ಟ್-ಅಯೋವಾ ಪ್ರಶಸ್ತಿ ಬಂತು. 750 ಡಾಲರ್ ದುಡ್ಡು, ಅದರ ಬದಲಿಗೆ ಮೊದಲ ಕಾದಂಬರಿ ನೋಡುವ ಮೊದಲ ಹಕ್ಕು ರೈನ್‌ಹಾರ್ಟ್ ಪ್ರಕಾಶನಕ್ಕೆ. ಆಗ ಕೈಯಲ್ಲಿದ್ದದ್ದು ಕೆಲವೇ ಅಧ್ಯಾಯ.

ಮುಂದಿನ ಎರಡು ವರ್ಷದಲ್ಲಿ ಆಕೆ ವೃತ್ತಿಯ ದೃಷ್ಟಿಯಿಂದ ಜಾಣತನದ ಕೆಲಸಗಳನ್ನೇ ಮಾಡಿದಳು. ಕಾದಂಬರಿಯ ಅಧ್ಯಾಯಗಳನ್ನು ಬಿಡಿ ಕಥೆಗಳಾಗಿ ಒಳ್ಳೇ ಸಾಹಿತ್ಯ ಪತ್ರಿಕೆಗಳಿಗೆ ಕೊಟ್ಟಳು. 1948ರಲ್ಲಿ ‘ಸೆವಾನಿ ರಿವ್ಯೂ’, 1949ರಲ್ಲಿ ‘ಪಾರ್ಟಿಸನ್ ರಿವ್ಯೂ’ ಅವನ್ನು ಅಚ್ಚು ಮಾಡಿದವು. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಯಾಡೋ ಎಂಬ ಕಲಾವಿದರ ವಸತಿಗೆ ಹೋದಳು. ಅಲ್ಲಿಂದಲೇ ಎಲಿಜಬೆತ್ ಮೆಕ್ಕೀ ಅನ್ನುವ, ಲೇಖಕರ ಪರವಾಗಿ ಪ್ರಕಾಶಕರ ಜೊತೆ ವ್ಯವಹರಿಸುವ ಏಜೆಂಟ್‌ಗೆ ಪತ್ರ ಬರೆದಳು: ನಾನು ನಿಧಾನಕ್ಕೆ ಬರೆಯುವವಳು, ನನ್ನ ಕೆಲಸ ನೋಡಿಕೊಳ್ಳುತ್ತೀರಾ? ಕಾದಂಬರಿಯ ರೂಪುರೇಷೆ ತನ್ನ ಹತ್ತಿರ ಇಲ್ಲ, ತಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯುವುದಕ್ಕೇ ಬರೆಯಬೇಕು ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದಳು. ಏಜೆಂಟ್ ಆ ಕೆಲಸ ಒಪ್ಪಿಕೊಂಡರು.

1949ರ ಆರಂಭದಲ್ಲಿ ಒಂಬತ್ತು ಅಧ್ಯಾಯ, 108 ಪುಟ ರೈನ್‌ಹಾರ್ಟ್‌ಗೆ ಹೋಯಿತು. ಅಲ್ಲಿನ ಸಂಪಾದಕ ಜಾನ್ ಸೆಲ್ಬಿ ಅವರಿಂದ ಉತ್ತರ ಬಂತು. ಪ್ರತಿಭೆ ಇದೆ ಅನ್ನುವ ಮಾತು ಅದರಲ್ಲಿತ್ತು. ಆದರೆ ಪುಸ್ತಕ ಒಂಟಿ ಒಂಟಿಯಾಗಿದೆ, ಲೇಖಕಿ ತನ್ನ ಪುಟ್ಟ ಅನುಭವದ ಲೋಕದೊಳಗೇ ಕೂತು ಬರೆದ ಹಾಗಿದೆ ಅನ್ನುವುದು ಅವರ ಆಕ್ಷೇಪ. ನಮ್ಮ ಜೊತೆ ಕೂತು ಬದಲಾಯಿಸಿದರೆ ಸರಿಹೋಗುತ್ತದೆ ಅನ್ನುವ ಧಾಟಿ. ಸ್ಕೌಟ್ ಥರದ ‘ಕ್ಯಾಂಪ್ ಫೈರ್’ ಕೂಟದ, ಸ್ವಲ್ಪ ಮಂದಬುದ್ಧಿಯ ಹುಡುಗಿಗೆ ಬರೆದ ಪತ್ರದ ಹಾಗಿದೆ ಇದು ಅಂತ ಆಕೆ ಏಜೆಂಟ್‌ಗೆ ಬರೆದಳು.

ಸೆಲ್ಬಿಗೆ ಬರೆದ ಉತ್ತರದಲ್ಲಿ ಮಾತ್ರ ಸಿಟ್ಟು ಕಾಣದು. ಈ ಕಾದಂಬರಿಯ ಗುಣ ಏನಾದರೂ ಇದ್ದರೆ ಅದು ನೀವು ಹೇಳುವ ಆ ಒಂಟಿತನದಿಂದಲೇ ಬರಬೇಕು ಅಂದಳು. ಆಮೇಲೆ ಬರುವುದು ಮೊದಲಲ್ಲೇ ಹೇಳಿದ ಮಾತು: ನಾನು ಮಾಡಹೊರಟದ್ದರ ಒಳಗಿನ ಟೀಕೆಗೆ ನಾನು ಸಿದ್ಧ.

ಇದನ್ನು ಅಹಂಕಾರ ಅಂದುಬಿಡುವುದು ಸುಲಭ. ಆದರೆ ಕಥೆ ಗೊತ್ತಾದರೆ ಆಕೆಯ ಮಾತು ಅರ್ಥವಾಗುತ್ತದೆ. ನಾಯಕ ಹೇಜಲ್ ಮೋಟ್ಸ್ ಯುದ್ಧದಿಂದ ವಾಪಸ್ ಬಂದವನು. ಅವನ ತಾತ ಊರೂರು ಸುತ್ತಿ ಸುವಾರ್ತೆ ಸಾರುತ್ತಿದ್ದ ಬೋಧಕ. ಮೊಮ್ಮಗನಿಗೆ ಯೇಸುವಿನಿಂದ ತಪ್ಪಿಸಿಕೊಂಡರೆ ಸಾಕಾಗಿದೆ. ‘ಕ್ರಿಸ್ತನಿಲ್ಲದ ಸಭೆ’ ಅಂತ ಒಂದು ಚರ್ಚನ್ನೇ ಹುಟ್ಟುಹಾಕಿ, ಹಳೇ ಕಾರಿನ ಮೇಲೆ ನಿಂತು ಬೀದಿಯಲ್ಲಿ ಪ್ರಸಂಗ ಮಾಡುತ್ತಾನೆ. ಎಷ್ಟು ಓಡಿದರೂ ಕ್ರಿಸ್ತನಿಂದ ಬಿಡುಗಡೆ ಇಲ್ಲ. ಇದನ್ನು ನಗೆಯ ಕಾದಂಬರಿಯಾಗಿ ಬರೆಯಬೇಕು, ಅದರೊಳಗಿನ ಪ್ರಶ್ನೆ ಮಾತ್ರ ಬದುಕು ಸಾವಿನದಾಗಿರಬೇಕು. ಇದನ್ನು ‘ಸಹಜ’ ಮಾಡಿ, ಹೇಜಲ್‌ನನ್ನು ಎಲ್ಲರಂಥ ಯುವಕನನ್ನಾಗಿ ಮಾಡಿದರೆ ಉಳಿಯುವುದೇನು? ಆ ಸಲಹೆ ಒಪ್ಪಿದ್ದರೆ ಆ ಪುಸ್ತಕದ ಜಾಗದಲ್ಲಿ ಇನ್ನೊಂದು ಪುಸ್ತಕ ಬರುತ್ತಿತ್ತು ಅಷ್ಟೇ.

ಜಗಳ ಸುಲಭಕ್ಕೆ ಮುಗಿಯಲಿಲ್ಲ. ಕವಿ ರಾಬರ್ಟ್ ಲೊವೆಲ್ ಯಾಡೋದಲ್ಲಿ ಪರಿಚಯವಾಗಿದ್ದರು. ಅವರು ಆಕೆಯನ್ನು ಹಾರ್ಕೋರ್ಟ್ ಬ್ರೇಸ್ ಪ್ರಕಾಶನದ ಸಂಪಾದಕ ರಾಬರ್ಟ್ ಜಿರೂ ಹತ್ತಿರ ಕರೆದುಕೊಂಡು ಹೋದರು. ಜಿರೂಗೆ ಆಸಕ್ತಿ ಇತ್ತು. ಆದರೆ ಹಳೇ ಒಪ್ಪಂದ ಕೊರಳಿಗೆ ಸುತ್ತಿಕೊಂಡಿತ್ತು. ಆ ವರ್ಷದ ಕೊನೆಯ ಭಾಗದಲ್ಲಿ ಸೆಲ್ಬಿ ಬರೆದ ಪತ್ರದಲ್ಲಿ ಆಕೆಗೆ ಮೂರು ಬಿರುದು ಸಿಕ್ಕವು: ಹಟಮಾರಿ, ಸಹಕಾರ ಕೊಡದವಳು, ನೀತಿ ಇಲ್ಲದವಳು. ಮೊದಲ ಎರಡಕ್ಕೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಮೂರನೆಯದು ಚುಚ್ಚಿತು. ಕೊಟ್ಟ ಮಾತಿಗೆ ತಪ್ಪಿದವಳು ಅನ್ನಿಸಿಕೊಳ್ಳಲು ಮನಸ್ಸಿಲ್ಲದೆ, ಇನ್ನಷ್ಟು ಬರೆದು ರೈನ್‌ಹಾರ್ಟ್‌ಗೆ ಮತ್ತೊಮ್ಮೆ ತೋರಿಸಲು ಒಪ್ಪಿದಳು. ಕೊನೆಗೆ ಬಿಡುಗಡೆ ಸಿಕ್ಕಿ ಪುಸ್ತಕ ಹಾರ್ಕೋರ್ಟ್‌ಗೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಸುಬಿನ ವಿಷಯದಲ್ಲಿ ಒಂದಿಂಚೂ ಬಗ್ಗದವಳು ಕರಾರಿನ ವಿಷಯದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಬಗ್ಗಿದಳು. ನಾವು ಸಾಮಾನ್ಯವಾಗಿ ಇದನ್ನು ತಿರುಗಿಸಿ ಮಾಡುತ್ತೇವೆ. ಸಂಪಾದಕರು ಹೇಳಿದ ಹಾಗೆ ಕಥೆ ತಿರುಚಿ ಕೊಡುತ್ತೇವೆ, ಹೇಳಿದ ದಿನಕ್ಕೆ ಮಾತ್ರ ಕೊಡುವುದಿಲ್ಲ.

ಗ್ಯಾರೇಜಿನ ಮೇಲಿನ ಕೋಣೆ

1949ರ ಸೆಪ್ಟೆಂಬರ್‌ನಲ್ಲಿ ಆಕೆ ಕನೆಕ್ಟಿಕಟ್ ರಾಜ್ಯದ ರಿಜ್‌ಫೀಲ್ಡ್‌ಗೆ ಹೋದಳು. ಅಲ್ಲಿ ರಾಬರ್ಟ್ ಮತ್ತು ಸ್ಯಾಲಿ ಫಿಟ್ಜ್‌ಜೆರಾಲ್ಡ್ ದಂಪತಿಯ ಮನೆ. ಅವರೂ ಕಥೋಲಿಕರು. ಗ್ಯಾರೇಜಿನ ಮೇಲಿನ ಕೋಣೆ ಆಕೆಗೆ. ಊಟ ವಸತಿಗೆ ತಿಂಗಳಿಗೆ 65 ಡಾಲರ್, ಜೊತೆಗೆ ಮಧ್ಯಾಹ್ನ ಒಂದು ಗಂಟೆ ಮಕ್ಕಳನ್ನು ನೋಡಿಕೊಳ್ಳಬೇಕು. ಬೆಳಿಗ್ಗೆ ಪೂರ್ತಿ ಬರವಣಿಗೆ.

ರಾಬರ್ಟ್ ಫಿಟ್ಜ್‌ಜೆರಾಲ್ಡ್ ಗ್ರೀಕ್ ಪಂಡಿತರು, ಅನುವಾದಕರು. 1950ರ ಬೇಸಿಗೆಯಲ್ಲಿ ಆಕೆಯ ಕಾದಂಬರಿ ಕೆಟ್ಟು ನಿಂತಿತು. ಹೇಜಲ್‌ನನ್ನು ಎಲ್ಲಿಗೆ ಮುಟ್ಟಿಸಬೇಕು ಅಂತ ತಿಳಿಯಲಿಲ್ಲ. ಆಗ ಆಕೆ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ಈಡಿಪಸ್ ನಾಟಕಗಳನ್ನು ಮೊದಲ ಸಲ ಓದಿದಳು. ಈಡಿಪಸ್ ಸತ್ಯ ಕಂಡ ಮೇಲೆ ತನ್ನ ಕಣ್ಣು ತಾನೇ ತೆಗೆದುಕೊಳ್ಳುತ್ತಾನೆ. ಹೇಜಲ್ ಕೂಡ ಸುಣ್ಣ ಹಾಕಿಕೊಂಡು ಕಣ್ಣು ಕಳೆದುಕೊಳ್ಳುತ್ತಾನೆ. ಅಂತ್ಯ ಸಿಕ್ಕಿತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದ ಶುರುವಾಯಿತು. ಇಂಥ ಕೊನೆ ಸುಮ್ಮನೆ ಬಂದು ಕೂರುವುದಿಲ್ಲ. ಮೊದಲ ಪುಟದಿಂದ ಕಣ್ಣಿನ ಮಾತು, ನೋಡುವುದು, ಕಾಣದಿರುವುದು ಎಲ್ಲ ಹಿಂದೆಯೇ ಬಿತ್ತಿರಬೇಕು. ಹಾಗಾಗಿ ಕಾದಂಬರಿಯನ್ನು ಹಿಂದಿನಿಂದ ಮುಂದಕ್ಕೆ ಮತ್ತೆ ಕಟ್ಟಿದಳು. ಗಮನಿಸಿ, ಇದನ್ನು ಮಾಡಲು ಯಾವ ಸಂಪಾದಕರೂ ಹೇಳಿರಲಿಲ್ಲ. ಕ್ರೈಸ್ತ ಕಾದಂಬರಿಗೆ ಬೇಕಾದ ಅಂತ್ಯ ಕ್ರಿಸ್ತನಿಗಿಂತ ನಾನೂರು ವರ್ಷ ಹಿಂದಿನ ಗ್ರೀಕ್ ನಾಟಕದಿಂದ ಬಂತು. ಕಂಡದ್ದನ್ನು ಎಲ್ಲಿಂದ ತಂದೆ ಅಂತ ನಂಬಿಕೆ ಕೇಳುವುದಿಲ್ಲ, ಬಹುಶಃ.

1950ರ ಡಿಸೆಂಬರ್‌ನಲ್ಲಿ ಟೈಪ್ ಮಾಡುವಾಗ ತೋಳು ಭಾರ ಅನ್ನಿಸತೊಡಗಿತು. ಕ್ರಿಸ್ಮಸ್‌ಗೆ ಊರಿಗೆ ರೈಲು ಹತ್ತಿದವಳು ದಾರಿಯಲ್ಲೇ ಪೂರಾ ಹಾಸಿಗೆ ಹಿಡಿದಳು. ತಂದೆಯನ್ನು ಕೊಂದ ಲೂಪಸ್ಸೇ ಅದು. ತಾಯಿಗೆ ಗೊತ್ತಿತ್ತು, ಮಗಳಿಗೆ ಹೇಳಲಿಲ್ಲ. ಸಂಧಿವಾತ ಅಂದುಕೊಂಡೇ ಆಕೆ ಆಸ್ಪತ್ರೆಯಲ್ಲೂ ಕಾದಂಬರಿ ತಿದ್ದಿದಳು. ಬೆರಳಚ್ಚು ಆಗಿ ಬಂದ ಪ್ರತಿಯನ್ನು ಮತ್ತೆ ಓದಿದ್ದು ಇಡೀ ದಿನ ಕುದುರೆ ಕಂಬಳಿ ತಿಂದ ಹಾಗಾಯಿತು ಅಂತ ಒಂದು ಪತ್ರದಲ್ಲಿ ಬರೆದಳು. ನಿಜವಾದ ಕಾಯಿಲೆ ಯಾವುದು ಅಂತ ಸ್ಯಾಲಿ ಆಕೆಗೆ ಹೇಳಿದ್ದು 1952ರ ಬೇಸಿಗೆಯಲ್ಲಿ. ಅಷ್ಟರಲ್ಲಿ ತಾಯಿ ಮಗಳು ಮಿಲೆಜ್‌ವಿಲ್ ಹೊರಗಿನ ಆಂಡಲೂಸಿಯಾ ಅನ್ನುವ ತಮ್ಮ ಹೈನುಗಾರಿಕೆಯ ತೋಟಕ್ಕೆ ಬಂದು ನೆಲೆಸಿದ್ದರು.

ಒಂಬತ್ತು ಪುಟದ ಪತ್ರ

ಹಸ್ತಪ್ರತಿಯನ್ನು ಫಿಟ್ಜ್‌ಜೆರಾಲ್ಡ್ ದಂಪತಿ ಕಾದಂಬರಿಕಾರ್ತಿ ಕೆರೊಲಿನ್ ಗಾರ್ಡನ್ ಅವರಿಗೆ ಕಳಿಸಿದರು. ಗಾರ್ಡನ್ ಓಕಾನರ್‌ಗಿಂತ ಮೂವತ್ತು ವರ್ಷ ದೊಡ್ಡವರು, ಅವರೂ ದಕ್ಷಿಣದವರು. ಕೆಲವೇ ವರ್ಷದ ಹಿಂದೆ, 1947ರಲ್ಲಿ, ಕಥೋಲಿಕ ಸಭೆಗೆ ಸೇರಿದ್ದರು. ಬ್ರಿಟಿಷ್ ಕಾದಂಬರಿಕಾರ ಫೋರ್ಡ್ ಮ್ಯಾಡಾಕ್ಸ್ ಫೋರ್ಡ್ ಅವರ ಕಾರ್ಯದರ್ಶಿಯಾಗಿ ಕಸುಬು ಕಲಿತವರು. ಫೋರ್ಡ್ ಜೋಸೆಫ್ ಕಾನ್ರಾಡ್ ಜೊತೆ ಸೇರಿ ಕಾದಂಬರಿ ಬರೆದವರು. ಸಂಗೀತದಲ್ಲಿ ಗುರುಪರಂಪರೆ ಹೇಳುತ್ತೇವಲ್ಲ, ಹಾಗೆ.

ಗಾರ್ಡನ್ ಆ ಪತ್ರದಲ್ಲಿ ಕಥೆಯನ್ನು ಪ್ರಶ್ನಿಸಲಿಲ್ಲ. ಹೇಜಲ್ ಯಾಕೆ ಹೀಗೆ ಅಂತ ಕೇಳಲಿಲ್ಲ. ಈ ಕಾದಂಬರಿ ಏನು ಮಾಡಲು ಹೊರಟಿದೆ ಅನ್ನುವುದು ಅವರಿಗೆ ಮೊದಲ ಓದಿಗೇ ತಿಳಿದಿತ್ತು. ಕೇಳಿದ್ದು ಒಂದೇ: ಹಾಗಿದ್ದರೆ ಇಲ್ಲಿ ಅದು ಯಾಕೆ ಆಗುತ್ತಿಲ್ಲ?

ನಿರೂಪಕನ ದನಿ ಒಂದು ತಕರಾರು. ಪಾತ್ರಗಳು ಹಳ್ಳಿಯ ಮಾತಾಡಲಿ, ಆದರೆ ಎಲ್ಲವನ್ನೂ ಬಲ್ಲ ನಿರೂಪಕ ಅದೇ ಆಡುಮಾತಿಗೆ ಜಾರಬಾರದು, ಅವನ ಭಾಷೆ ಶುದ್ಧವಾಗಿ, ಗಟ್ಟಿಯಾಗಿ ಇರಬೇಕು ಅಂದರು. ಕನ್ನಡದಲ್ಲಿ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತಿರುವ ತೊಡಕು. ಸಂಭಾಷಣೆ ಮಂಗಳೂರಿನದೋ ಧಾರವಾಡದ್ದೋ ಇರುತ್ತದೆ. ಎರಡು ಪುಟ ಕಳೆಯುವಷ್ಟರಲ್ಲಿ ನಿರೂಪಣೆಯೂ ಹಾಗೇ ಮಾತಾಡತೊಡಗುತ್ತದೆ, ಮೂರನೇ ಪುಟಕ್ಕೆ ಮತ್ತೆ ಪಠ್ಯಪುಸ್ತಕದ ಕನ್ನಡ. ಇಡೀ ನಿರೂಪಣೆಯನ್ನೇ ಆಡುಮಾತಲ್ಲಿ ಬರೆದು ಗೆದ್ದವರು ನಮ್ಮಲ್ಲಿ ಇದ್ದಾರೆ. ಅದು ತಿಳಿದು ಮಾಡಿದ್ದು. ತಿಳಿಯದೆ ಜಾರುವುದು ಬೇರೆ.

ಇನ್ನೊಂದು ತಕರಾರು ನೋಟದ್ದು. ಒಂದು ವಸ್ತು ಪುಟದ ಮೇಲೆ ಜೀವ ತಾಳಬೇಕಾದರೆ ಅದಕ್ಕೆ ಇಂದ್ರಿಯಕ್ಕೆ ತಾಗುವ ಮೂರು ಗೆರೆಯಾದರೂ ಬೇಕು ಅನ್ನುವುದು ಫ್ರೆಂಚ್ ಕಾದಂಬರಿಕಾರ ಫ್ಲೋಬೇರ್‌ನಿಂದ ಕಲಿತದ್ದು ಅಂತ ಗಾರ್ಡನ್ ಹೇಳುತ್ತಿದ್ದರು. ಓಕಾನರ್ ಮುಂದೆ ತನ್ನ ಹತ್ತಿರ ಸಲಹೆ ಕೇಳಿದವರಿಗೆಲ್ಲ ಇದನ್ನೇ ದಾಟಿಸಿದಳು. ಜೊತೆಗೆ ಗಾರ್ಡನ್, ನಿನ್ನ ಪುಸ್ತಕದಲ್ಲಿ ಪಾತ್ರಗಳು ಮಾತ್ರ ಇದ್ದಾರೆ, ಅವರ ಸುತ್ತಲಿನ ಊರು, ಬಯಲು, ಬೆಳಕು ಸಾಲದು ಅಂದರು. ಬರೀ ಹೇಜಲ್‌ನ ಮುಖಕ್ಕೇ ದೀಪ ಹಿಡಿದರೆ ಅವನಾಚೆಗೂ ಏನೋ ಇದೆ ಅಂತ ಓದುಗನಿಗೆ ಅನ್ನಿಸುವುದು ಹೇಗೆ? ದೇವರ ಬಗ್ಗೆ ಬರೆಯುವ ಕಾದಂಬರಿಗೆ ಇದು ಬರೀ ಶೈಲಿಯ ಮಾತಲ್ಲ. ಈಗಿನ ಪುಸ್ತಕದಲ್ಲಿ ಹೇಜಲ್ ಪೇಟೆ ಬೀದಿಯಲ್ಲಿ ನಡೆಯುವಾಗ ತಲೆಯ ಮೇಲೆ ಅಗಾಧವಾದ ರಾತ್ರಿಯ ಆಕಾಶ ಇರುತ್ತದೆ. ಅಂಗಡಿ ತೆರೆದಿರುವ ಸಂಜೆ, ಜನರಲ್ಲಿ ಯಾರೂ ತಲೆ ಎತ್ತುವುದಿಲ್ಲ. ಲೇಖಕಿ ಏನನ್ನೂ ಬೋಧಿಸುವುದಿಲ್ಲ. ಆಕಾಶ ತೋರಿಸಿ ಮುಂದೆ ಹೋಗುತ್ತಾಳೆ.

ಇಬ್ಬರ ಟೀಕೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಆಕೆಯ ನಡತೆ ಅರ್ಥವಾಗುತ್ತದೆ. ಗಾರ್ಡನ್ ಹೊಗಳಿದ್ದಕ್ಕೆ ಆಕೆ ಕೇಳಿದ್ದಲ್ಲ. ಒಂದೇ ನಂಬಿಕೆಯವರು ಅಂತಲೂ ಅಲ್ಲ, ಪೂರ್ತಿಯಾಗಿ. ಸೆಲ್ಬಿ ಪುಸ್ತಕದ ಗುರಿಯನ್ನೇ ಬದಲಾಯಿಸು ಅಂದರು. ಗಾರ್ಡನ್ ಗುರಿಯನ್ನು ಮುಟ್ಟಿಲ್ಲ ಅಂದರು. ಗಾರ್ಡನ್ ಹೇಳಿದ್ದೇ ಹೆಚ್ಚು ಕಠಿಣ, ಹೆಚ್ಚು ಕೆಲಸದ್ದು. ಸೆಲ್ಬಿಯ ದಾರಿ ಹಿಡಿದಿದ್ದರೆ ಪುಸ್ತಕ ಬೇಗ ಬರುತ್ತಿತ್ತೇನೋ.

ಪುಸ್ತಕ ಬಂದ ಮೇಲೆ

‘ವೈಸ್ ಬ್ಲಡ್’ 1952ರ ಮೇ 15ರಂದು ಹೊರಬಂತು. ವಿಮರ್ಶಕರಲ್ಲಿ ಅನೇಕರಿಗೆ ತಲೆಬುಡ ತಿಳಿಯಲಿಲ್ಲ. ಧರ್ಮವನ್ನು ಅಣಕಿಸುವ ಪುಸ್ತಕ ಅಂದುಕೊಂಡವರೂ ಇದ್ದರು. ಇಂಗ್ಲೆಂಡಿನ ಕಾದಂಬರಿಕಾರ ಎವಲಿನ್ ವಾ, ಇದು ನಿಜವಾಗಿ ಒಬ್ಬ ಯುವತಿಯೇ ಯಾರ ನೆರವೂ ಇಲ್ಲದೆ ಬರೆದದ್ದಾದರೆ ಗಮನಾರ್ಹ ಕೃತಿ ಅಂದರು. ನೆರವು ಇಲ್ಲದೆ! ಮೇಲಿನದನ್ನೆಲ್ಲ ಓದಿದವರಿಗೆ ನಗು ಬರಬೇಕು. ಹತ್ತು ವರ್ಷದ ನಂತರ, 1962ರ ಎರಡನೇ ಆವೃತ್ತಿಗೆ ಆಕೆ ಪುಟ್ಟ ಟಿಪ್ಪಣಿ ಸೇರಿಸಿ, ಇದು ತನ್ನ ಇಚ್ಛೆಗೆ ವಿರುದ್ಧವಾಗಿ ಕ್ರೈಸ್ತನಾದವನ ನಗೆ ಕಾದಂಬರಿ ಅಂತ ಬಿಡಿಸಿ ಹೇಳಬೇಕಾಯಿತು.

ಹೊಟ್ಟೆಪಾಡಿಗೆ ಕಾದಂಬರಿ ಸಾಲಲಿಲ್ಲ. ‘ಕೆನ್ಯನ್ ರಿವ್ಯೂ’ ಪತ್ರಿಕೆಯ 2000 ಡಾಲರ್ ಸಹಾಯಧನ ಬಂತು. ಕಾಲೇಜುಗಳಲ್ಲಿ ಉಪನ್ಯಾಸ ಕೊಟ್ಟು ಸಂಭಾವನೆ ಪಡೆದಳು, ಊರುಗೋಲು ಹಿಡಿದುಕೊಂಡೇ. 1957ರಲ್ಲಿ ಒಂದು ಕಥೆ ಟಿವಿಗೆ ಮಾರಾಟವಾಯಿತು, ಜೀನ್ ಕೆಲಿ ನಟಿಸಿದ. ಕೊನೆಯನ್ನು ಸಿಹಿ ಮಾಡಿಬಿಟ್ಟರು. ಆಕೆ ಆ ದುಡ್ಡಲ್ಲಿ ತಾಯಿಗೂ ತನಗೂ ಒಂದು ಹೊಸ ಫ್ರಿಜ್ ಕೊಂಡಳು. ಪುಸ್ತಕದಲ್ಲಿ ಒಂದು ಸಾಲಿಗೆ ಹೋರಾಡಿದವಳು ಟಿವಿಗೆ ಯಾಕೆ ಬಿಟ್ಟುಕೊಟ್ಟಳು? ಕಥೆ ಅದಾಗಲೇ ಪುಸ್ತಕದಲ್ಲಿ ತನ್ನ ರೂಪದಲ್ಲಿ ಭದ್ರವಾಗಿತ್ತು. ಹೊಸ ಫ್ರಿಜ್ ಬೇಕಿತ್ತು. ನನಗೆ ಇದರಲ್ಲಿ ತಪ್ಪು ಕಾಣುವುದಿಲ್ಲ.

1956ರಿಂದ ತನ್ನ ಪ್ರಾಂತ್ಯದ ಧರ್ಮಸಭೆಯ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯತೊಡಗಿದಳು. ಸಾಯುವಷ್ಟರಲ್ಲಿ ನೂರಕ್ಕೂ ಜಾಸ್ತಿ ಪುಸ್ತಕಗಳ ಬಗ್ಗೆ ಬರೆದಿದ್ದಳು. ದೊಡ್ಡ ಬರಹಗಾರ್ತಿ, ಸಣ್ಣ ಪತ್ರಿಕೆ. ಆದರೆ ಅಲ್ಲೂ ಭಕ್ತಿ ಇದೆ ಅನ್ನುವ ಒಂದೇ ಕಾರಣಕ್ಕೆ ಕಳಪೆ ಕಾದಂಬರಿಯನ್ನು ಬಿಟ್ಟುಕೊಡಲಿಲ್ಲ. ನಂಬಿಕೆ ಅನ್ನುವುದು ನೋಡಲು ಇರುವ ಬೆಳಕು, ನೋಡುವ ಕೆಲಸವನ್ನು ಅದು ನಿನ್ನ ಬದಲು ಮಾಡಿಕೊಡುವುದಿಲ್ಲ ಅನ್ನುವ ಅರ್ಥದ ಮಾತನ್ನು ಆಕೆ ಹೇಳಿದ್ದಾಳೆ.

ನಮ್ಮ ಕಡೆ

ಕನ್ನಡದಲ್ಲಿ ಬರೆಯುವ ಕ್ರೈಸ್ತರಿಗೆ ಏಜೆಂಟ್ ಇಲ್ಲ, 750 ಡಾಲರ್ ಪ್ರಶಸ್ತಿ ಇಲ್ಲ. ಆದರೆ ಈ ಪ್ರಕರಣದ ಮುಖ್ಯ ಸಮಸ್ಯೆ ನಮಗೂ ಇದೆ, ಇನ್ನೊಂದು ರೂಪದಲ್ಲಿ. ನಮಗೆ ಸೆಲ್ಬಿಯೂ ಸಿಗುವುದಿಲ್ಲ, ಗಾರ್ಡನ್ ಕೂಡ ಸಿಗುವುದಿಲ್ಲ. ಚರ್ಚಿನ ಪತ್ರಿಕೆಗೋ ಕ್ರಿಸ್ಮಸ್ ವಿಶೇಷಾಂಕಕ್ಕೋ ಕಥೆ ಕೊಟ್ಟರೆ ‘ಚೆನ್ನಾಗಿದೆ, ದೇವರು ಒಳ್ಳೇದು ಮಾಡಲಿ’ ಅಂತ ಬಂದ ಹಾಗೇ ಅಚ್ಚಾಗುತ್ತದೆ. ಒಂದು ಅಲ್ಪವಿರಾಮವನ್ನೂ ಯಾರೂ ಮುಟ್ಟುವುದಿಲ್ಲ. ಪ್ರೀತಿಯಿಂದಲೇ ಮಾಡುತ್ತಾರೆ. ಬರಹಗಾರ ಮಾತ್ರ ಹತ್ತು ವರ್ಷ ಕಳೆದರೂ ಇದ್ದಲ್ಲೇ ಇರುತ್ತಾನೆ.

ಹಿಂದೆ ಹೀಗಿರಲಿಲ್ಲ. ಜರ್ಮನಿಯಿಂದ ಬಂದ ಕಿಟೆಲ್ ಯೇಸುವಿನ ಬದುಕನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದು 1862ರಲ್ಲಿ. ಭಕ್ತಿ ಊರಿಂದ ತಂದಿದ್ದರು, ಷಟ್ಪದಿಯನ್ನು ಇಲ್ಲಿ ಕೂತು ಕಲಿಯಬೇಕಾಯಿತು. ನಮ್ಮ ಕಾಲದಲ್ಲಿ ನಾ. ಡಿಸೋಜ ಶರಾವತಿ ಯೋಜನೆಯ ಕೆಲಸದಲ್ಲಿದ್ದುಕೊಂಡು ಕಣ್ಣಾರೆ ಕಂಡ ಮುಳುಗಡೆಯನ್ನು ಕಾದಂಬರಿ ಮಾಡಿದರು. ‘ದ್ವೀಪ’ ಓದುವಾಗ ಇದು ಕ್ರೈಸ್ತ ಲೇಖಕರದು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಓಕಾನರ್ ಹೇಳುವ ‘ನೋಡುವ ಕೆಲಸ’ ಅಂದರೆ ಅದೇ.

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ಒಬ್ಬರನ್ನು ಹುಡುಕಿಕೊಳ್ಳಿ ಅನ್ನುತ್ತೇನೆ. ಇಬ್ಬರು ಸಿಕ್ಕರೆ ಅದೃಷ್ಟ. ಕರಡು ಕೊಡುವಾಗ ‘ಹೇಗಿದೆ’ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅನ್ನದೆ ಅವರಿಗೆ ಬೇರೆ ದಾರಿ ಇರುವುದಿಲ್ಲ. ಈ ಕಥೆ ಏನು ಮಾಡಲು ಹೊರಟಿದೆ ಅಂತ ನಿಮಗೆ ಅನ್ನಿಸಿತು, ಅದು ಎಲ್ಲಿ ಕೆಟ್ಟಿತು ಅಂತ ಕೇಳಿ. ಮೊದಲ ಪ್ರಶ್ನೆಗೆ ಅವರ ಉತ್ತರ ನಿಮ್ಮ ಮನಸ್ಸಿನಲ್ಲಿದ್ದದ್ದಕ್ಕೆ ಹತ್ತಿರ ಬಂದರೆ ಎರಡನೇ ಉತ್ತರವನ್ನು ಕೈಮುಗಿದು ತೆಗೆದುಕೊಳ್ಳಿ, ಎಷ್ಟೇ ಕಹಿ ಇರಲಿ. ಹತ್ತಿರ ಬಾರದಿದ್ದರೆ ಎರಡು ಸಾಧ್ಯತೆ ಇದೆ. ಅವರು ನಿಮ್ಮ ಓದುಗರಲ್ಲ, ಅಥವಾ ನೀವು ಅಂದುಕೊಂಡದ್ದು ಪುಟಕ್ಕೆ ಇಳಿದೇ ಇಲ್ಲ. ಎರಡನೆಯದೇ ಜಾಸ್ತಿ ಸಲ ನಿಜ.

ಆ ಗುಂಪಿನ ಮಿತಿ

ಈ ದಾರಿಗೆ ಒಂದು ಅಪಾಯ ಇದೆ, ಅದನ್ನು ಮುಚ್ಚಿಟ್ಟರೆ ಪ್ರಕರಣ ಪೂರ್ತಿಯಾಗದು. ನಮ್ಮ ಉದ್ದೇಶ ಬಲ್ಲವರ ಮಾತನ್ನಷ್ಟೇ ಕೇಳುತ್ತಾ ಹೋದರೆ, ಅವರಿಗೂ ಕಾಣದ್ದು ನಮಗೂ ಕಾಣುವುದಿಲ್ಲ. ಓಕಾನರ್ ಪತ್ರಗಳಲ್ಲಿ ಕರಿಯರ ಬಗ್ಗೆ ಓದಲು ಹಿಂಸೆಯಾಗುವ ಮಾತುಗಳಿವೆ. 1959ರಲ್ಲಿ ಕರಿಯ ಲೇಖಕ ಜೇಮ್ಸ್ ಬಾಲ್ಡ್‌ವಿನ್‌ರನ್ನು ಜಾರ್ಜಿಯಾದಲ್ಲಿ ಭೇಟಿಯಾಗು ಅಂದ ಗೆಳತಿಗೆ, ನ್ಯೂಯಾರ್ಕಿನಲ್ಲಾದರೆ ಸಂತೋಷ, ಇಲ್ಲಿ ಬೇಡ ಅಂದಳು. ಈ ಕಾರಣಕ್ಕೇ 2020ರಲ್ಲಿ ಮೇರಿಲ್ಯಾಂಡಿನ ಲೊಯೋಲಾ ವಿಶ್ವವಿದ್ಯಾಲಯ ಒಂದು ಹಾಸ್ಟೆಲ್ ಕಟ್ಟಡದಿಂದ ಆಕೆಯ ಹೆಸರು ತೆಗೆಯಿತು.

ಕಥೆಗಳಲ್ಲಿ ಬಿಳಿಯರ ಜಂಬವನ್ನು ಆಕೆಯಷ್ಟು ನಿರ್ದಯವಾಗಿ ಬಯಲಿಗೆಳೆದವರು ಕಡಿಮೆ. ಬದುಕಿನಲ್ಲಿ ಅದೇ ಜಂಬ ಆಕೆಗೂ ಅಂಟಿತ್ತು. ಗಾರ್ಡನ್, ಜಿರೂ, ಲೊವೆಲ್, ಫಿಟ್ಜ್‌ಜೆರಾಲ್ಡ್ ದಂಪತಿ, ಆಕೆಯ ಕರಡು ಓದಿ ಬೆಳೆಸಿದ ಇವರೆಲ್ಲ ಬಿಳಿಯರೇ. ವಾಕ್ಯದ ತಪ್ಪು ಒಂದೂ ಬಿಡದೆ ಹಿಡಿಯಬಲ್ಲವರು. ಇದನ್ನು ಹಿಡಿಯಬೇಕಾದವರು ಆ ಗುಂಪಿನ ಹೊರಗಿದ್ದರು. ನಮ್ಮಲ್ಲಾದರೆ ಜಾತಿಯ ವಿಷಯ ಬಂದಾಗ ಇದೇ ಆಗುತ್ತದೆ. ಚರ್ಚಿನೊಳಗೂ ಜಾತಿ ಇದೆ ಅನ್ನುವುದು ಗೊತ್ತಿರುವ ವಿಷಯ. ಕರಡು ಓದುವ ಆ ಒಬ್ಬಿಬ್ಬರು ನಮ್ಮ ಬೆಂಚಿನವರೇ ಆಗಿರಬೇಕಿಲ್ಲ.

ಕೊನೆಯ ಕರಡು

ಗಾರ್ಡನ್ ಜೊತೆಗಿನ ಪತ್ರವ್ಯವಹಾರ ಹದಿಮೂರು ವರ್ಷ ನಡೆಯಿತು. ಕಥೆ ಬರೆದು ಕೆರೊಲಿನ್‌ಗೆ ಕಳಿಸುವ ತನಕ ಅದು ಮುಗಿದಿದೆ ಅಂತ ನಾನು ಅಂದುಕೊಳ್ಳುವುದಿಲ್ಲ ಅನ್ನುತ್ತಿದ್ದಳು ಓಕಾನರ್. 1964ರ ಫೆಬ್ರವರಿಯಲ್ಲಿ ಆಪರೇಷನ್ ಆಯಿತು, ಅದರ ಬೆನ್ನಿಗೆ ಲೂಪಸ್ ಮತ್ತೆ ಕೆರಳಿತು. ಆಸ್ಪತ್ರೆಯಲ್ಲಿ ಬರೆಯುತ್ತಿದ್ದ ಹಾಳೆಗಳನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಆಗ ಬರೆದದ್ದರಲ್ಲಿ ಒಂದು, ಬೆನ್ನ ಮೇಲೆ ಕ್ರಿಸ್ತನ ಮುಖದ ಹಚ್ಚೆ ಹಾಕಿಸಿಕೊಳ್ಳುವ ಪಾರ್ಕರ್ ಅನ್ನುವವನ ಕಥೆ. ಅದನ್ನೂ ಗಾರ್ಡನ್‌ಗೆ ಕಳಿಸಿದಳು. ಜುಲೈಯಲ್ಲಿ ಸಲಹೆಗಳು ಬಂದವು, ಎಂದಿನಂತೆ ಧಾರಾಳವಾಗಿ.

ಅದರ ಬಗ್ಗೆ ಗೆಳತಿಯೊಬ್ಬಳಿಗೆ ಹೀಗೆ ಬರೆದಳು: ಕೆರೊಲಿನ್ ಬೇಕಾದಷ್ಟು ಸಲಹೆ ಕೊಟ್ಟಿದ್ದಾರೆ, ಹೆಚ್ಚಿನದನ್ನು ನಾನು ಬಿಟ್ಟಿದ್ದೇನೆ. ಎಲ್ಲ ಕಥೆಯನ್ನೂ ರೋಮನ್ ಕಮಾನಿನ ಹಾಗೇ ಕಟ್ಟಬೇಕು ಅನ್ನುವುದು ಅವರ ಮತ, ಮೊದಲು ಕೊನೆ ಎರಡನ್ನೂ ದೊಡ್ಡದು ಮಾಡು ಅನ್ನುತ್ತಾರೆ. ನಾನು ಇದ್ದ ಹಾಗೇ ಬಿಡುತ್ತಿದ್ದೇನೆ. ಬರೆದದ್ದೇ ಹೆಚ್ಚು.

ಆಗಸ್ಟ್ 3ರಂದು ಆಕೆ ತೀರಿಕೊಂಡಳು, 39 ವರ್ಷ. ಪಾರ್ಕರ್‌ನ ಕಥೆ ಮರುವರ್ಷ ಅಚ್ಚಾಯಿತು.